ಸುಂಕಪ್ಪ ಕೌದಿ ಉಳಿಸಿಕೊಂಡದ್ದು

ಸುಂಕಪ್ಪನಿಗೆ ಹೇಳಿಕೊಳ್ಳುವಂಥ ದುಶ್ಚಟ ಒಂದೂ ಇರಲಿಲ್ಲ. ಬೀಡಿ ಸೇದುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಚಹಾವನ್ನು ಕೂಡ ಯಾರಾದರೂ ಕುಡಿಸಿದರೆ ಮಾತ್ರ ಕುಡಿಯುತ್ತಿದ್ದ. ಅವನಿಗಿದ್ದ ಒಂದೇ ಒಂದು ಚಟವೆಂದರೆ ಅವನ ಅವ್ವನ ಕೌದಿ. ಅವ್ವ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಆದರೂ ಅವಳು ಹಳೆಯ ಬಟ್ಟೆಗಳನ್ನು ಪದರು ಪದರಾಗಿ ಜೋಡಿಸಿ ಕೈಯಾರೆ ಹೊಲಿದ ಆ ಕೌದಿಯನ್ನು ಮೂಗಿನ ತನಕ ಎಳೆದುಕೊಳ್ಳದೆ ಈ ಮನುಷ್ಯನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯ ಬೇಸಿಗೆಯಲ್ಲಿ ಊರಿಗೆ ಊರೇ ಅಂಗಳದಲ್ಲಿ ಬರಿಮೈಯಲ್ಲಿ ಹೊರಳಾಡುವಾಗಲೂ ಅವನಿಗೆ ಕೌದಿ ಬೇಕು. ಹೊದೆಯಲಾಗದಿದ್ದರೆ ತಬ್ಬಿಕೊಳ್ಳುವುದಕ್ಕಾದರೂ ಬೇಕು. ಮದುವೆಯಾದ ಹೊಸತರಲ್ಲಿ ಅದನ್ನು ಚೀಲದಲ್ಲಿ ತುರುಕಿಕೊಂಡು ಮಾವನ ಮನೆಗೆ ಹೋಗಿದ್ದ. ಅಲ್ಲಿನ ನಾದಿನಿಯರು ಅದನ್ನು ಇಂದಿಗೂ ಮರೆತಿಲ್ಲ.

ನೋಡುವುದಕ್ಕೆ ಅದು ಅಂಥ ಕೌದಿಯೇನೂ ಅಲ್ಲ. ಮೂಲ ಬಣ್ಣ ಯಾವುದೆಂದು ಹೇಳಲಾಗದಷ್ಟು ಸಲ ಹಳ್ಳದ ನೀರು ಕಂಡು, ಬಂಡೆಯ ಮೇಲೆ ಪೆಟ್ಟು ತಿಂದು, ತೆಳ್ಳಗೆ ಮೆತ್ತಗೆ ಆಗಿತ್ತು. ಅದರ ಮೆತ್ತಗಿನ ಗುಣವೇ ಆ ಭಾನುವಾರ ಅವನಿಗೆ ಮುಳುವಾಯಿತು.

ಹೆರಿಗೆಗೆಂದು ಬಂದಿದ್ದ ಮಗಳು ದುರುಗಮ್ಮ ಕೂಸಿನೊಂದಿಗೆ ಗಂಡನ ಮನೆಗೆ ಹೂವಿನಹಡಗಲಿಗೆ ಹೊರಡುವ ದಿನ ಅದು. ಕರೆದೊಯ್ಯಲು ಬೀಗತಿ ಜಂಬಮ್ಮ ಮಧ್ಯಾಹ್ನಕ್ಕೆ ಬರುವವಳಿದ್ದಳು, ಸಂಜೆಯ ಬಸ್ಸಿಗೆ ಎಲ್ಲರೂ ಹೊರಡುವುದೆಂದು ಗೊತ್ತಾಗಿತ್ತು. ಕೂಸಿನ ಜತೆ ತವರಿನಿಂದ ತೊಟ್ಟಿಲು, ಕುಲಾಯಿ, ಉಡಿದಾರ ಹೋಗಬೇಕು. ಎಲ್ಲಕ್ಕಿಂತ ಮೊದಲು ಒಂದು ಕೌದಿ ಹೋಗಬೇಕು. ಉಳಿದದ್ದೆಲ್ಲ ಸಿದ್ಧವಿತ್ತು. ಕೌದಿ ಹೊಲಿದು ಕೊಡುತ್ತೇನೆಂದು ಒಪ್ಪಿಕೊಂಡಿದ್ದ ಹಿಂದಿನ ಮನೆಯ ಜೋಗಮ್ಮನಿಗೆ ಮಾತ್ರ ಕಣ್ಣಿನಲ್ಲಿ ಪೊರೆ ಬಂದು, ಸೂಜಿಯ ಕಣ್ಣು ಯಾವುದು, ತನ್ನ ಬೆರಳು ಯಾವುದು ಎಂದು ತಿಳಿಯದಂತಾಗಿತ್ತು. ಆ ಬೀದಿಯ ಕೂಸುಗಳ ಕೌದಿಗಳೆಲ್ಲ ಅವಳ ಕೈಯಲ್ಲೇ ಹುಟ್ಟಿದವು. ಬೇರೆಯವರಿಗೆ ಹೇಳಿದರೆ ಅವಳು ನೊಂದುಕೊಳ್ಳುತ್ತಾಳೆಂದು ಸುಂಕಪ್ಪನ ಹೆಂಡತಿ ಮಾರೆಮ್ಮ ಕಾದಳು. ಕಾದು ಕಾದು ಹೊರಡುವ ದಿನವೇ ಬಂದುಬಿಟ್ಟಿತು.

ಬೆಳಿಗ್ಗೆ ಸುಂಕಪ್ಪ ಇನ್ನೂ ಕೌದಿಯೊಳಗೇ ಇದ್ದಾಗ ಮಾರೆಮ್ಮ ಬಂದು ಅದರ ತುದಿ ಹಿಡಿದು, ಅಂಗಡಿಯಲ್ಲಿ ಸೀರೆ ನೋಡುವವರಂತೆ ಬೆರಳಿನಲ್ಲಿ ತೀಡಿ ನೋಡಿದಳು.

"ಇದನ್ನ ಕೂಸಿಗೆ ಕೊಟ್ಟು ಕಳಿಸ್ತೀನ್ರಿ" ಎಂದಳು. "ಮೆತ್ತಗೈತಿ. ಹಿರೇರು ಹೊದ್ದ ಕೌದಿ ಕೂಸಿಗೆ ಆಯುಷ್ಯ ಅಂತಾರ."

ಸುಂಕಪ್ಪ ಎದ್ದು ಕುಳಿತ. ಅದು ಹರಕು, ನೂರೆಂಟು ತ್ಯಾಪಿ ಹಾಕಿದ್ದು, ಬೀಗರ ಮುಂದೆ ಮಾನ ಹೋಗುತ್ತದೆ ಎಂದ. ಹರಕು ಎಂದು ಇಷ್ಟು ವರ್ಷ ತಾನು ಬಡಕೊಂಡರೂ ಒಪ್ಪದಿದ್ದವರು ಇವತ್ತು ಒಪ್ಪಿದ್ದು ಸಂತೋಷ ಎಂದು ಮಾರೆಮ್ಮ ಹೇಳಿದಳು. ಆ ದಾರಿ ಮುಚ್ಚಿತು. ಇನ್ನು ಉಳಿದದ್ದು ಒಂದೇ ದಾರಿ, ಅದರಲ್ಲಿ ಅವನು ಹಿಂದೆ ಮುಂದೆ ನೋಡದೆ ಕಾಲಿಟ್ಟ.

"ಹೊಸಾ ಕೌದಿ ನಾನ ಹೊಲಿತೀನಿ. ಇವತ್ತ. ಮಷೀನಿನ್ಯಾಗ."

ಮಾರೆಮ್ಮ ಗಂಡನನ್ನು ನೋಡಿದಳು. ಅವನು ಊರಿನ ಒಂದು ಸರಕಾರಿ ಕಚೇರಿಯಲ್ಲಿ ಜವಾನ. ಹಳೆಯ ಕಾಗದಗಳನ್ನು ಜೋಡಿಸಿ, ದಬ್ಬಣದಿಂದ ಚುಚ್ಚಿ, ದಾರ ಹಾಕಿ, ಕೆಂಪು ಬಟ್ಟೆಯಲ್ಲಿ ಕಟ್ಟಿ ಕಪಾಟಿಗೆ ಏರಿಸುವ ಕೆಲಸ. ಸರಕಾರವನ್ನೇ ಹೊಲಿದಿಟ್ಟವನಿಗೆ ಒಂದು ಕೌದಿ ಯಾವ ಲೆಕ್ಕ ಎಂಬುದು ಅವನ ಧೈರ್ಯ. ಹೊಲಿಗೆ ಮಷೀನು ಮನೆಯಲ್ಲಿಯೇ ಇತ್ತು. ಮದುವೆಗೆ ಮುಂಚೆ ದುರುಗಮ್ಮ ಹೊಲಿಗೆ ಕಲಿಯುವಾಗ ಕೊಂಡದ್ದು. ಆದರೆ ಬಾಣಂತಿ ಪೆಡಲ್ ತುಳಿಯಬಾರದೆಂದು ಮಾರೆಮ್ಮನೇ ಅದರ ಮೇಲೆ ಬಟ್ಟೆ ಹೊದಿಸಿಟ್ಟಿದ್ದಳು.

"ಬಸ್ ಬರೋದ್ರಾಗ ಹೊಸಾದು ಮುಗದ್ರ, ನಿಮ್ಮವ್ವಂದು ನಿಮಗಾ" ಎಂದಳು ಮಾರೆಮ್ಮ. "ಮುಗೀಲಿಲ್ಲಂದ್ರ ಅದು ಹಡಗಲಿಗೆ. ಆಮ್ಯಾಲೆ ಮಾರಿ ಸಣ್ಣದು ಮಾಡಬಾರದು."

ಅವನು ಒಪ್ಪಿದ. ಆದರೆ ಒಪ್ಪಿದ್ದು ಬಾಯಿ ಮಾತ್ರ. ಮಾರೆಮ್ಮ ಮಾತಿಗೆ ತಪ್ಪುವವಳಲ್ಲ ನಿಜ, ಆದರೆ ಸಂಜೆ ಅವಸರದಲ್ಲಿ ಬೀಗತಿಯ ಎದುರು ಎರಡು ಕೌದಿ ಕಂಡರೆ ಎರಡನ್ನೂ ಕಟ್ಟಿ ಕಳಿಸುವವಳೂ ಹೌದು. ಆದ್ದರಿಂದ ಅವಳು ನೀರಿಗೆ ಹೋದದ್ದೇ ತಡ, ದುರುಗಮ್ಮ ಕೂಸಿನೊಂದಿಗೆ ಇನ್ನೂ ಮಲಗಿದ್ದಾಗಲೇ, ಸುಂಕಪ್ಪ ಎರಡು ಹಳೆಯ ಬಿಳಿ ಧೋತ್ರಗಳನ್ನು ತೆಗೆದ. ನಡುವೆ ಅವ್ವನ ಕೌದಿಯನ್ನು ಹರಡಿ, ಮಷೀನಿನಲ್ಲಿ ನಾಲ್ಕೂ ಅಂಚು ಹೊಲಿದುಬಿಟ್ಟ. ಈಗ ಅದನ್ನು ಹೆತ್ತ ತಾಯಿ ಬಂದು ನೋಡಿದರೂ ಗುರುತಿಸುವಂತಿರಲಿಲ್ಲ. ಬರೀ ಬಿಳಿಯ ಹಾಸಿನಂತೆ ಕಾಣುತ್ತಿತ್ತು. ಅಂಚಿನ ಹೊಲಿಗೆ ಸರಾಗವಾಗಿ ಬಂದದ್ದು ನೋಡಿ, ಮಷೀನು ಎಂದರೆ ಇಷ್ಟೇ ಏನು ಎಂದು ಅವನಿಗೆ ಎದೆಯುಬ್ಬಿತು.

ಅದನ್ನು ಮಡಿಸಿ, ಪಕ್ಕದ ಮನೆಯ ಪಾಲಣ್ಣನಿಗೆ ಗೋಡೆಯ ಮೇಲಿನಿಂದ ದಾಟಿಸಿದ. ಪಾಲಣ್ಣ ಅವನ ಬಾಲ್ಯದ ಗೆಳೆಯ, ಕೊಟ್ಟೂರಿಗೆ ಹೊರಡುವ ಅವಸರದಲ್ಲಿದ್ದ. ಸಂಜೆ ತನಕ ಇಟ್ಟುಕೋ, ಯಾರಿಗೂ ಹೇಳಬೇಡ, ನಿನ್ನ ಹೆಂಡತಿ ಚೌಡಕ್ಕನಿಗಂತೂ ಬೇಡವೇ ಬೇಡ, ಅವಳಿಗೆ ಹೇಳಿದರೆ ಡಂಗುರ ಸಾರಿದಂತೆಯೇ ಎಂದು ಸುಂಕಪ್ಪ ಪಿಸುಗುಟ್ಟಿದ. ಪಾಲಣ್ಣ ತಲೆಯಾಡಿಸಿ, ಗಂಟನ್ನು ಅಟ್ಟದ ಮೇಲೆಸೆದು, ರೈಲು ಹಿಡಿಯಲು ಓಡಿದ.

ಕಳವು ಮುಚ್ಚಿಟ್ಟ ಸಮಾಧಾನದಲ್ಲಿ ಸುಂಕಪ್ಪ ಕೆಲಸಕ್ಕೆ ಕುಳಿತ. ತೊಟ್ಟಿಲಿಗೆ ಹಿಡಿಸುವಷ್ಟು ಚಿಕ್ಕ ಕೌದಿ ಸಾಕು ಎಂಬುದು ಅವನ ಯೋಜನೆ. ಮಾರೆಮ್ಮನ ಹಳೆಯ ಸೀರೆ, ತನ್ನ ಹರಿದ ಅಂಗಿ, ಅಷ್ಟೇ ಬಟ್ಟೆ. ಮಧ್ಯಾಹ್ನದೊಳಗೆ ಮುಗಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆಯುವುದೂ ಯೋಜನೆಯಲ್ಲಿತ್ತು.

ಆದರೆ ಭಾನುವಾರ. ಜವಾನ ಸುಂಕಪ್ಪ ಮಷೀನು ತುಳಿಯುತ್ತಿದ್ದಾನೆಂಬ ಸುದ್ದಿ ನಳದ ಹತ್ತಿರ ನೀರು ಹಿಡಿಯುವವರಿಗೆ ಮೊದಲು ತಲುಪಿ, ಅಲ್ಲಿಂದ ಕೊಡಗಳ ಜತೆ ಮನೆಮನೆಗೆ ಹೋಯಿತು. ಮೊದಲು ಬಂದವಳು ಜೋಗಮ್ಮ. ಕಣ್ಣು ಮಂಜಾಗಿದ್ದರೂ ಬಾಯಿ ಚುರುಕಾಗಿಯೇ ಇತ್ತು. ಕೌದಿ ಎಂದರೆ ಕೈಯಿಂದ ಹೊಲಿಯುವುದು, ಹಾಡು ಹೇಳುತ್ತ ಹೊಲಿಯುವುದು, ಹೀಗೆ ಕಬ್ಬಿಣದ ಹೊಟ್ಟೆಯಲ್ಲಿ ಹಾಕಿ ರುಬ್ಬುವುದಲ್ಲ ಎಂದು ಬಾಗಿಲಲ್ಲೇ ತೀರ್ಪು ಕೊಟ್ಟಳು. ಕೊಟ್ಟ ಮೇಲೆ ಒಳಗೆ ಬಂದು ಮಷೀನಿನ ಪಕ್ಕದಲ್ಲೇ ಕುಳಿತಳು. ಕುಳಿತವಳು ತನ್ನ ಸೊಂಟದಿಂದ ಒಂದು ಬಟ್ಟೆಯ ತುಂಡು ತೆಗೆದಳು. ಅವಳ ಗಂಡನ ರುಮಾಲಿನದು. ಆ ಗಂಡ ತೊಂಬತ್ತರ ಹತ್ತಿರ ಬದುಕಿದವನು. ಕೂಸಿನ ಕೌದಿಯಲ್ಲಿ ಅದೊಂದು ತುಂಡು ಇರಲಿ ಎಂದಳು.

ಇದಕ್ಕೆ ಇಲ್ಲವೆನ್ನುವ ಹಾಗಿಲ್ಲ. ಹಿರಿಯರ ಮೈಮೇಲಿನ ಬಟ್ಟೆ ಕೂಸಿನ ಕೌದಿಗೆ ಬಂದರೆ ಅವರ ಆಯುಷ್ಯದ ಒಂದಿಷ್ಟು ಕೂಸಿಗೆ ಬರುತ್ತದೆಂದು ಆ ಕಡೆಯ ನಂಬಿಕೆ. ಬೇಡವೆಂದರೆ ಆಶೀರ್ವಾದವನ್ನೇ ಬೇಡವೆಂದಂತೆ. ಸುಂಕಪ್ಪ ಆ ತುಂಡನ್ನು ಸೇರಿಸಿದ. ಜೋಗಮ್ಮನದು ಸೇರಿದ ಮೇಲೆ ಎದುರು ಮನೆಯವರದು ಬಿಡಲಾದೀತೆ? ಎದುರು ಮನೆಯದು ಬಂದಮೇಲೆ ಮೂಲೆ ಮನೆಯವರು ಸುಮ್ಮನಿದ್ದಾರೆಯೆ? ಒಬ್ಬರು ಸೀರೆಯ ಸೆರಗು ತಂದರು, ಒಬ್ಬರು ಕುಪ್ಪಸದ ತೋಳು, ಒಬ್ಬರು ಅಜ್ಜನ ಧೋತ್ರದ ಅಂಚು. ಮೂಲೆ ಮನೆಯವರು ಮಗನ ಟೆರಿಕಾಟ್ ಪ್ಯಾಂಟಿನ ಕಾಲೊಂದನ್ನೇ ತಂದರು. ಅದು ಕೂಸಿಗೆ ಚುಚ್ಚುತ್ತದೆಂದು ಜೋಗಮ್ಮ ವಾಪಸು ಕಳಿಸಿದಳು, ಅವರು ಮುನಿಸಿಕೊಂಡು ಹೋಗಿ ಹತ್ತಿಯ ಲುಂಗಿ ಹಿಡಿದು ಮರಳಿದರು. ಯಾರ ತುಂಡು ನಡುವೆ, ಯಾರದು ಅಂಚಿಗೆ ಎಂಬ ವಾದವೂ ನಡೆಯಿತು. ಹೀಗೆ ತೊಟ್ಟಿಲಿಗೆಂದು ಶುರುವಾದ ಕೌದಿ ಮಂಚದಷ್ಟಾಯಿತು. ಸುಂಕಪ್ಪನ ಮೊಣಕಾಲ ಮೇಲಿಂದ ಇಳಿದು, ನೆಲದಲ್ಲಿ ಹರಿದು, ಹೊಸ್ತಿಲು ಮುಟ್ಟುವ ಹೊತ್ತಿಗೆ ತುಂಡುಗಳು ನಿಂತವು.

ಅಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಮೇಲೆ ಈ ತುಂಡುಗಳ ಹಾಳೆ, ಒಳಗೆ ಮಾರೆಮ್ಮ ಕೊಟ್ಟ ಜಾಳುಜಾಳು ಸೀರೆಗಳು, ಕೆಳಗೆ ಒಂದು ಬೆಡ್‌ಶೀಟು, ಹೀಗೆ ಮೂರು ಪದರು ಜೋಡಿಸಿ ಅವನು ಮಷೀನಿಗೆ ಕೊಟ್ಟ. ಮಷೀನು ಕೆಳಗಿನ ಪದರನ್ನು ಮಾತ್ರ ಎಳೆದುಕೊಂಡಿತು. ಮೇಲಿನದು ಬರುವುದಿಲ್ಲವೆಂದು ನಿಂತಿತು, ಒಳಗಿನದು ಯಾರ ಕಡೆಗೂ ಹೋಗದೆ ನಡುವೆ ಮುದ್ದೆಯಾಯಿತು. ನಾಲ್ಕು ಸಾಲು ಹೊಲಿದು ಎತ್ತಿ ನೋಡಿದರೆ ಮುದಿ ಎಮ್ಮೆಯ ಕತ್ತಿನಂತೆ ಸುಕ್ಕು ಸುಕ್ಕು.

ನೆರೆದವರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದರು. ಜೋಗಮ್ಮ ಮಾತ್ರ ಹಿಡಿಯಲಿಲ್ಲ. ಕಡತ ಹೊಲಿಯುವವರು ಕೌದಿಗೆ ಕೈ ಹಾಕಿದರೆ ಹೀಗೆಯೇ ಆಗುವುದು ಎಂದು ನಕ್ಕಳು. ಮಾರೆಮ್ಮ ಒಳಗಿನಿಂದ ಬಂದು ಸುಕ್ಕನ್ನು ನೋಡಿ, ಅತ್ತೆಯ ಕೌದಿ ಇರುತ್ತಿದ್ದ ಗಂಡನ ಹಾಸಿಗೆಯ ಮೂಲೆಯ ಕಡೆಗೆ ಒಂದು ನೋಟ ಬೀರಿ ಹೋದಳು. ಆ ನೋಟ ಸುಂಕಪ್ಪನಿಗೆ ಚುಚ್ಚಿತು. ಕೌದಿಯಿಲ್ಲದ ರಾತ್ರಿಗಳು ಸಾಲಾಗಿ ಅವನ ಕಣ್ಣ ಮುಂದೆ ಬಂದು ನಿಂತವು, ಅವನಿಗೆ ನಿಜವಾಗಿಯೂ ಅಳು ಬಂತು.

ಆಗ ಅವನಿಗೆ ಮಷೀನಿನ ಖಾನೆಯಲ್ಲಿದ್ದ ಡಬ್ಬಿಯ ನೆನಪಾಯಿತು. ಬೊಂಬಾಯಿಯ ಬಟ್ಟೆ ಕಾರ್ಖಾನೆಯಲ್ಲಿದ್ದ ಮಾರೆಮ್ಮನ ತಮ್ಮ ಹಿಂದಿನ ದೀಪಾವಳಿಗೆ ಬಂದಾಗ ಅಕ್ಕನ ಮಗಳಿಗೆಂದು ತಂದದ್ದು. ಮಷೀನಿನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವಿರುತ್ತದಲ್ಲ, ಅದರ ಬದಲು ಹಾಕುವ ಇನ್ನೊಂದು ಪಾದ. ಮಾಮೂಲಿ ಪಾದ ಸುಮ್ಮನೆ ನಿಲ್ಲುತ್ತದೆ. ಇದು ಕೆಳಗಿನ ಹಲ್ಲಿನ ಜತೆಗೆ ತಾನೂ ಎದ್ದು ಎದ್ದು ಹೆಜ್ಜೆ ಹಾಕಿ, ಮೇಲಿನ ಬಟ್ಟೆಯನ್ನೂ ಮುಂದಕ್ಕೆ ಒಯ್ಯುತ್ತದೆ ಎಂದು ಅವನು ಹೇಳಿದ್ದ. ನಡೆಯುವ ಪಾದವಂತೆ. ಬೊಂಬಾಯಿಯಲ್ಲಿದ್ದವರು ಏನು ಬೇಕಾದರೂ ಹೇಳುತ್ತಾರೆಂದು ಆಗ ಯಾರೂ ಕಿವಿಗೊಟ್ಟಿರಲಿಲ್ಲ.

ಸುಂಕಪ್ಪ ಅದನ್ನು ತೆಗೆದ. ಅಂಗೈ ತುಂಬುವಷ್ಟು ದೊಡ್ಡದು, ಪಕ್ಕದಲ್ಲಿ ಏಡಿಯ ಕೊಂಡಿಯಂಥದೊಂದು ಕೈ ಬೇರೆ. ತಿರುಪು ಬಿಗಿದು ಕೂರಿಸಿ ಪೆಡಲ್ ತುಳಿದ. ಪಾದ ನಡೆಯಲಿಲ್ಲ. ಮತ್ತೊಮ್ಮೆ ತುಳಿದ. ಅದು ಕುಂಟನಂತೆ ನಿಂತಲ್ಲೇ ನಿಂತಿತು. ನೋಡಲು ಕತ್ತು ಚಾಚಿದವರಲ್ಲಿ ಒಬ್ಬರು ಎಣ್ಣೆ ಹಾಕಿ ಎಂದರು, ಇನ್ನೊಬ್ಬರು ಊದುಬತ್ತಿ ಹಚ್ಚಿ ಎಂದರು. ಕೂಸಿಗೆ ಹಾಲೂಡಿಸುತ್ತ ಕುಳಿತಿದ್ದ ದುರುಗಮ್ಮ ಆಗ ಕತ್ತೆತ್ತಿ ನೋಡಿದಳು.

"ಯಪ್ಪಾ, ಆ ಕೊಂಡಿ ಸೂಜಿ ತಿರುಪಿನ ಮ್ಯಾಲೆ ಕೂಡಬೇಕು. ಸೂಜಿ ಎದ್ದಾಗ ಅದು ಏಳ್ತತಿ. ನೀ ಅದನ್ನ ಕೆಳಗ ಬಿಟ್ಟೀ ನೋಡು."

ಕೊಂಡಿಯನ್ನು ತಿರುಪಿನ ಮೇಲೆ ಕೂರಿಸಿದ. ತುಳಿದ. ಟಕ್ಕು ಟಕ್ಕು ಎಂದು ಪಾದ ಎದ್ದು ಎದ್ದು ನಡೆಯತೊಡಗಿತು, ಮೂರೂ ಪದರು ಜಗಳ ಮರೆತ ಅಣ್ಣತಮ್ಮಂದಿರ ಹಾಗೆ ಒಟ್ಟಿಗೆ ಸಾಗಿದವು. ಎರಡು ಸಾಲು ಮುಗಿದವು, ಒಂದೂ ಸುಕ್ಕಿಲ್ಲ. ಬಾಗಿಲಲ್ಲಿ ನಿಂತಿದ್ದವರೆಲ್ಲ ಒಳಗೆ ಬಂದರು. ಜೋಗಮ್ಮ ಕಣ್ಣನ್ನು ನಂಬದೆ ಸಾಲಿನ ಮೇಲೆ ಬೆರಳಾಡಿಸಿ ನೋಡಿ, ಹೂಂ ಎಂದಳು. ಅವಳಿಂದ ಅಷ್ಟು ಸಿಕ್ಕುವುದೇ ಹೆಚ್ಚು.

ಮೂರನೆಯ ಸಾಲು ಮೂಲೆಗೆ ಬಂದಾಗ ಕಟ್ ಎಂದು ಸದ್ದಾಯಿತು. ಸೂಜಿ ಮುರಿದು, ತುದಿ ಎಲ್ಲೋ ಸಿಡಿದು, ಕೂಸು ಬೆಚ್ಚಿ ಅಳತೊಡಗಿತು. ಹೆಂಗಸರು ಮೊದಲು ನೆಲದ ಮೇಲೆ ಕೈಯಾಡಿಸಿ ತುದಿ ಹುಡುಕಿ ತೆಗೆದರು. ಆಮೇಲೆ ಮೂಲೆ ಬಿಚ್ಚಿ ನೋಡಿದರೆ ಒಳಗೆ ಅಂಗೈಯಗಲದ ಜೋಳದ ಕಡಕ್ ರೊಟ್ಟಿಯ ತುಂಡು. ಎಲ್ಲರೂ ಜೋಗಮ್ಮನ ಕಡೆಗೆ ನೋಡಿದರು. ಅವಳು ಅಡಗಿಸಲೂ ಇಲ್ಲ, ನಾಚಿಕೊಳ್ಳಲೂ ಇಲ್ಲ. ಕೌದಿಯ ಮೂಲೆಯಲ್ಲಿ ರೊಟ್ಟಿ ಇಡುವುದು ಹಿಂದಿನಿಂದ ಬಂದ ಪದ್ಧತಿ, ಹಸಿದ ಕೌದಿ ಹೊದ್ದ ಕೂಸಿಗೆ ಹೊಟ್ಟೆ ತುಂಬುವುದಿಲ್ಲ, ತನ್ನ ಕೈಸೂಜಿ ಎಂದೂ ರೊಟ್ಟಿಗೆ ಹೆದರಿ ಮುರಿದಿಲ್ಲ ಎಂದಳು.

ಮನೆಯಲ್ಲಿ ಇದ್ದದ್ದು ಅದೊಂದೇ ದಪ್ಪ ಸೂಜಿ. ಸುಂಕಪ್ಪ ಚಪ್ಪಲಿ ಮೆಟ್ಟಿ ಹೊರಟ. ಅವನು ಬರುವಷ್ಟರಲ್ಲಿ ಸುಕ್ಕಾದ ಸಾಲುಗಳನ್ನೆಲ್ಲ ಬಿಚ್ಚಿ, ಪದರುಗಳನ್ನು ಮತ್ತೆ ನೆಟ್ಟಗೆ ಜೋಡಿಸಿ, ಉದ್ದುದ್ದ ಟಾಕು ಹಾಕಿಡುತ್ತೇವೆ ಎಂದು ಹೆಂಗಸರು ತಾವಾಗಿಯೇ ಮುಂದೆ ಬಂದರು. ಜೋಗಮ್ಮ ರೊಟ್ಟಿಯ ಪ್ರಾಯಶ್ಚಿತ್ತಕ್ಕೆಂಬಂತೆ ಮುಂದಾಳಾದಳು. ಇಷ್ಟು ಒಳ್ಳೆಯ ನೆರೆಹೊರೆ ಯಾವ ಊರಿನಲ್ಲಿ ಸಿಕ್ಕೀತು ಎಂದು ಸುಂಕಪ್ಪ ಕೃತಜ್ಞತೆಯಿಂದ ನೆನೆಯುತ್ತ ಬೀದಿಗಿಳಿದ.

ಸೂಜಿ ಸಿಕ್ಕುವುದು ಸುಲಭವಾಗಲಿಲ್ಲ. ಒಂದು ಅಂಗಡಿಗೆ ಬೀಗ, ಇನ್ನೊಂದರಲ್ಲಿ ದಪ್ಪ ಸೂಜಿ ಇಲ್ಲ. ಸ್ಟೇಶನ್ ರಸ್ತೆಯ ಟೇಲರ್ ಒಬ್ಬ ಊಟಕ್ಕೆ ಹೋದವನು ಮಲಗಿಬಿಟ್ಟಿದ್ದ. ಅವನು ಏಳುವ ತನಕ ಸುಂಕಪ್ಪ ಅವನ ಕಟ್ಟೆಯ ಮೇಲೆ ಕಾದ. ಎದ್ದವನು ಯಾಕೆ, ಏನು, ಯಾರ ಕೂಸು, ಎಷ್ಟು ತಿಂಗಳು ಎಲ್ಲ ಕೇಳಿ ತಿಳಿದ ಮೇಲೆ ಸೂಜಿ ಕೊಟ್ಟ. ಬರುವ ದಾರಿಯಲ್ಲಿ ಬಸ್‌ಸ್ಟ್ಯಾಂಡಿನಿಂದ ಬರುತ್ತಿದ್ದ ಬೀಗತಿ ಜಂಬಮ್ಮ ಎದುರಾದಳು. ಅವಳ ಚೀಲ ಹೊತ್ತುಕೊಂಡು ಮನೆಗೆ ಬರುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು.

ನಡುಮನೆಯಲ್ಲಿ ಕೌದಿ ಹಾಸಿ ಸಿದ್ಧವಾಗಿತ್ತು. ಹೆಂಗಸರು ಮಾತಿಗೆ ತಪ್ಪಿರಲಿಲ್ಲ. ಸುಕ್ಕು ಮಾಯವಾಗಿತ್ತು, ಅಂಚು ಕೂಡಿತ್ತು, ಟಾಕು ಒಂದು ಅಳತೆಯಲ್ಲಿ ಬಿದ್ದಿದ್ದವು. ಸುಂಕಪ್ಪ ಮುಟ್ಟಿ ನೋಡಿದ. ಮೊದಲಿಗಿಂತ ಒಳ್ಳೆಯ ಮೈ ಬಂದಿತ್ತು.

"ಒಳಗ ಏನು ಹಾಕೀರಿ ಜೋಗಮ್ಮತ್ತಿ? ದಪ್ಪ ಆಗೈತಲ್ಲ" ಎಂದ.

"ಆ ಸೀರಿ ಎಲ್ಲಾ ಬಿಚ್ಚೂವಾಗ ಪಿಸುದು ಹೋದವು. ಅದಕ್ಕ ಬ್ಯಾರೆ ಚಲೋದು ಹಾಕೀವಿ. ಕೇಳಬ್ಯಾಡ, ಹೊಲಿ. ಬಸ್ಸು ನಿನಗ ಕಾಯ್ತದಾ?"

ಬಸ್ಸು ಎಂಬ ಮಾತು ಕೇಳಿ ಅವನು ಮತ್ತೆ ಬಾಯಿ ತೆರೆಯಲಿಲ್ಲ. ಹೊಸ ಸೂಜಿ ಹಾಕಿ, ಕೊಂಡಿ ಸರಿಯಾಗಿ ಕೂತಿದೆಯೇ ಎಂದು ಎರಡೆರಡು ಸಲ ನೋಡಿ, ತುಳಿಯತೊಡಗಿದ. ಆ ದಪ್ಪಕ್ಕೆ ಬೇರೆ ಪಾದವಾಗಿದ್ದರೆ ಮಷೀನು ಕೈಕಾಲು ಚಾಚಿಬಿಡುತ್ತಿತ್ತು. ಈ ಪಾದ ಮಾತ್ರ ಕೆಸರು ಗದ್ದೆಯಲ್ಲಿ ಅನುಭವಸ್ಥ ಎತ್ತಿನ ಹಾಗೆ ಎತ್ತಿ ಎತ್ತಿ ಹೆಜ್ಜೆಯಿಟ್ಟು ನಡೆಯಿತು. ಮುಂದೆ ದುರುಗಮ್ಮ ನೀಡುತ್ತಿದ್ದಳು, ಹಿಂದೆ ಚೌಡಕ್ಕ ಹಿಡಿದಿದ್ದಳು, ಪ್ರಯಾಣದ ದಣಿವು ಕೂಡ ಆರಿಸಿಕೊಳ್ಳದೆ ಬೀಗತಿ ಜಂಬಮ್ಮ ಪಕ್ಕದ ಭಾರ ಎತ್ತಿ ಹಿಡಿದಿದ್ದಳು. ಉದ್ದಕ್ಕೆ ಸಾಲು, ಅಡ್ಡಕ್ಕೆ ಸಾಲು, ಕಚೇರಿಯಲ್ಲಿ ಸಾಹೇಬರು ಎಳೆಯುವ ಗೆರೆಗಿಂತ ನೇರ. ಅದೇಕೋ ಕೌದಿಯ ಮೇಲೆ ಬಾಗಿದಾಗಲೆಲ್ಲ ಅವನಿಗೆ ಹಾಯಾಗಿ ಆಕಳಿಕೆ ಬರುತ್ತಿತ್ತು. ಬೆಳಗಿನಿಂದ ದಣಿದದ್ದಕ್ಕೆ ಎಂದುಕೊಂಡು ಮುಖಕ್ಕೆ ನೀರು ಹಾಕಿಕೊಂಡು ಬಂದು ಮತ್ತೆ ಕುಳಿತ. ಹೊಲಿಗೆ ಒತ್ತಾಗಿರಲಿ ಎಂದು ಸಾಲುಗಳ ನಡುವೆ ಇನ್ನೊಂದೊಂದು ಸಾಲನ್ನೂ ಹಾಕಿದ. ಇದನ್ನು ಇನ್ನು ಬಿಚ್ಚಬೇಕೆಂದರೆ ಬ್ರಹ್ಮನೇ ಬರಬೇಕು ಎಂದು ಹೆಮ್ಮೆಯಿಂದ ಹೇಳಿದ.

ಕೊನೆಯ ಸಾಲು ಮುಗಿಸಿ ದಾರ ಕತ್ತರಿಸಿದಾಗ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೌದಿಯನ್ನು ಅಂಗಳಕ್ಕೆ ಒಯ್ದು ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಕೊಡವಿದರು. ಇಡೀ ಬೀದಿಯ ಸೀರೆ, ಧೋತ್ರ, ಲುಂಗಿ, ರುಮಾಲು ಸಂಜೆಯ ಬಿಸಿಲಿನಲ್ಲಿ ಒಟ್ಟಿಗೆ ಹೊಳೆದವು. ಎಲ್ಲರೂ ತಮ್ಮ ತಮ್ಮ ತುಂಡು ಹುಡುಕಿ ಮುಟ್ಟಿ ಸಂತೋಷಪಟ್ಟರು. ಬೀಗತಿ ಜಂಬಮ್ಮ ಕೌದಿಯನ್ನು ಕೆನ್ನೆಗೆ ಒತ್ತಿಕೊಂಡು, ಹಡಗಲಿಯಲ್ಲಿ ಇಂಥದನ್ನು ಯಾರ ಮನೆಯಲ್ಲೂ ನೋಡಿಲ್ಲ, ಮೇಲೆ ಹೊಸದು, ಒಳಗೆ ಮಾತ್ರ ಹಳೆಯ ಕೌದಿಯಷ್ಟು ಮೆತ್ತಗೆ ಎಂದಳು. ಸುಂಕಪ್ಪ ಅದು ನಡೆಯುವ ಪಾದದ ಗುಣ ಎಂದು ವಿವರಿಸಿದ. ಬೆಳಗಿನಿಂದ ಅತ್ತೂ ಅತ್ತೂ ಎಲ್ಲರ ತಲೆ ತಿಂದಿದ್ದ ಕೂಸನ್ನು ಅದರ ಮೇಲೆ ಮಲಗಿಸಿದರು. ಅದು ಒಮ್ಮೆ ಮೂಗು ಉಜ್ಜಿ, ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಮೂಗಿನ ತನಕ ಎಳೆದುಕೊಂಡು ಗಾಢ ನಿದ್ದೆ ಹೋಯಿತು. ಥೇಟ್ ತಾತನ ಹಾಗೆ ಎಂದು ದುರುಗಮ್ಮ ನಕ್ಕಳು. ಸುಂಕಪ್ಪನಿಗೆ ಆಗ ಆದ ಆನಂದ ಅವನಿಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಕೂಸನ್ನು ಕೌದಿಯ ಸಮೇತ ಸುಂಕಪ್ಪನೇ ಎತ್ತಿಕೊಂಡ, ಎಲ್ಲರೂ ಬಸ್‌ಸ್ಟ್ಯಾಂಡಿಗೆ ಹೋದರು. ಬಸ್ಸು ಬಂತು, ತೊಟ್ಟಿಲು ಮೇಲೇರಿತು, ತಾಯಿಯೂ ಮಗಳೂ ಕಣ್ಣೊರೆಸಿಕೊಂಡರು. ಕೂಸು ಕೌದಿಯೊಳಗೆ ಮಲಗಿಕೊಂಡೇ ಹಡಗಲಿಗೆ ಹೊರಟಿತು.

ಮಾರೆಮ್ಮ ಸಂತೆಯ ಬೀದಿಯಲ್ಲಿ ಏನೋ ಕೊಳ್ಳುವುದಿದೆಯೆಂದು ಹಿಂದುಳಿದಳು. ಸುಂಕಪ್ಪ ನೇರ ಪಾಲಣ್ಣನ ಮನೆಗೆ ನಡೆದ. ನಡೆದ ಎನ್ನುವುದಕ್ಕಿಂತ ತೇಲಿದ ಎನ್ನಬೇಕು. ಮಾಗಿಯ ಗಾಳಿ ಸಣ್ಣಗೆ ಬೀಸತೊಡಗಿತ್ತು, ಅವ್ವನ ಕೌದಿಯೊಳಗೆ ಸೇರಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ಬೇಕೆ? ಪಾಲಣ್ಣ ಆಗಷ್ಟೇ ಕೊಟ್ಟೂರಿನಿಂದ ಬಂದು ಕಾಲು ತೊಳೆಯುತ್ತಿದ್ದ. ಗೆಳೆಯನನ್ನು ನೋಡಿ ಅಟ್ಟ ಹತ್ತಿದ. ಅಲ್ಲಿ ತಡಕಾಡಿದ ಸದ್ದು ಬಹಳ ಹೊತ್ತು ಕೇಳಿತು. ಇಳಿದು ಬಂದಾಗ ಅವನ ಕೈ ಬರಿದಾಗಿತ್ತು. ಹೆಂಡತಿಯನ್ನು ಕೂಗಿ, ಅಟ್ಟದ ಮೇಲಿದ್ದ ಬಿಳಿಯ ಗಂಟು ಎಲ್ಲಿ ಎಂದು ಕೇಳಿದ.

ಚೌಡಕ್ಕ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವರ ಕಳೆ.

"ಅದನ್ನ ಕೂಸಿನ ಕೌದಿಗೆ ಕೊಟ್ಟೆ. ಒಳಗಿನ ಪದರಿಗೆ ಏನೂ ಇಲ್ಲ ಅಂತ ಜೋಗಮ್ಮತ್ತಿ ಪೇಚಾಡಕತ್ತಿದ್ಲು. ಅಟ್ಟದ ಮ್ಯಾಲೆ ನೋಡ್ತೀನಿ, ಯಾರೋ ಅಳತಿ ತಗಂಡು ಹೊಲಿದಿಟ್ಟಂಗೈತಿ. ಹಿಂಗ ಹಾಸಿದ್ವಿ, ಹಂಗ ಕುಂತ್ತು. ಎಲ್ಲಾರ ಮನಿದೂ ತುಂಡು ತುಂಡು ಬಂತು ಸುಂಕಣ್ಣ, ನಮ್ಮನಿದು ಇಡೀದ ಬಂತು."

ಸುಂಕಪ್ಪ ಕಟ್ಟೆಯ ಮೇಲೆ ಕುಳಿತುಬಿಟ್ಟ. ತಾನೇ ಹೊದಿಕೆ ಹೊಲಿದು ಮರೆಮಾಡಿ, ತಾನೇ ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸಾಲು ಹಾಕಿ, ಬ್ರಹ್ಮನೂ ಬಿಚ್ಚದ ಹಾಗೆ ಬಿಗಿದು, ತಾನೇ ಬಸ್ಸಿನ ತನಕ ಹೊತ್ತುಕೊಂಡು ಹೋಗಿ ಕಳಿಸಿಕೊಟ್ಟಿದ್ದ. ಅಂತಹ ಕಾರ್ಯದಕ್ಷತೆಯನ್ನು ಅವನು ಕಚೇರಿಯಲ್ಲಿ ಎಂದೂ ತೋರಿಸಿರಲಿಲ್ಲ. ಪಾಲಣ್ಣನಿಂದ ವಿಷಯ ತಿಳಿದ ಚೌಡಕ್ಕನ ಮುಖ ಸಣ್ಣದಾಯಿತು. ಮಾರೆಮ್ಮನಿಗೆ ಹೇಳಬೇಡ ಎಂದು ಅವರು ಇವನನ್ನು ಬೇಡಿಕೊಂಡರು. ನೀವೂ ಹೇಳಬೇಡಿ ಎಂದು ಇವನು ಅವರನ್ನು ಬೇಡಿಕೊಂಡ.

ಮನೆಗೆ ಬಂದಾಗ ಮಾರೆಮ್ಮ ದೀಪ ಹಚ್ಚಿ, ಅವನ ಹಾಸಿಗೆ ಕೊಡವಿ ಹಾಸುತ್ತಿದ್ದಳು. ಮಗಳು ಹೋದ ಮನೆ ಬಿಕೋ ಎನ್ನುತ್ತಿತ್ತು. ಅವಳು ಗಂಡನನ್ನು ನೋಡಿದ ರೀತಿಯಲ್ಲಿ ಬೆಳಗಿನ ಹಟವಿರಲಿಲ್ಲ.

"ಎಲ್ಲಿ ಮುಚ್ಚಿಟ್ಟೀರಿ, ತಗಂಡು ಬರ್ರಿ" ಎಂದಳು. "ಕದ್ದು ಇಡೋ ಅವಶ್ಯ ಇರಲಿಲ್ರಿ. ಮಧ್ಯಾಹ್ನ ನೀವು ಆ ಸುಕ್ಕು ನೋಡಿ ಕಣ್ಣಾಗ ನೀರು ತಂದಿದ್ದು ಒಳಗಿಂದ ನೋಡಿದ್ನಿ. ಅವಾಗಾ ಅಂದ್ಕಂಡೆ, ಹೊಸಾದು ಮುಗೀಲಿ ಬಿಡ್ಲಿ, ಅತ್ತಿ ಕೌದಿ ಇವರಿಂದ ಕಸಗಬಾರದು ಅಂತ. ಬೀಗರಿಗೂ ಹೇಳಿದ್ದೆ."

ಸುಳ್ಳು ಹೇಳುವ ಶಕ್ತಿ ಸುಂಕಪ್ಪನಲ್ಲಿ ಉಳಿದಿರಲಿಲ್ಲ.

"ಹಡಗಲಿಗೆ ಹೋತು" ಎಂದ. "ಹೊಸಾ ಕೌದಿ ಒಳಗ ಐತಿ."

ಮಾರೆಮ್ಮ ಹಾಸಿಗೆ ಕೊಡವುವುದನ್ನು ಬಿಟ್ಟಳು. ಒಂದು ಗಳಿಗೆ ಗಂಡನ ಮುಖವನ್ನು, ಆ ಮುಖದಲ್ಲಿದ್ದ ದುಃಖವನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ನನಗ ಹೇಳದಂಗ ಒಳಗಿಟ್ಟು ಹೊಲಿದ್ರೇನ್ರಿ? ಮಮ್ಮಗಳಿಗೆ ಅಂತ?"

ಇಲ್ಲ ಎನ್ನುವುದಕ್ಕೆ ಸುಂಕಪ್ಪ ಬಾಯಿ ತೆರೆದ. ಇಲ್ಲವೆಂದರೆ ಗೋಡೆ ದಾಟಿಸಿದ್ದನ್ನು ಹೇಳಬೇಕು, ಅಟ್ಟದ್ದನ್ನು ಹೇಳಬೇಕು, ಚೌಡಕ್ಕನಿಗೆ ಕೊಟ್ಟ ಮಾತು ಮುರಿಯಬೇಕು. ಅದೂ ಅಲ್ಲದೆ ಮದುವೆಯಾದಾಗಿನಿಂದ ಮಾರೆಮ್ಮ ಅವನನ್ನು ಹೀಗೆ ನೋಡಿರಲಿಲ್ಲ. ಅವನು ಬಾಯಿ ಮುಚ್ಚಿಕೊಂಡ. ಕೂಸು ಮೂಗಿನ ತನಕ ಕೌದಿ ಎಳೆದುಕೊಂಡದ್ದು ನೆನಪಾಯಿತು. ಅದು ತನ್ನ ಅವ್ವನ ಕೌದಿಯೆಂದು ಕೂಸಿಗೆ ಅವನಿಗಿಂತ ಮೊದಲೇ ಗೊತ್ತಾಗಿತ್ತು. ಆ ಯೋಚನೆಯಿಂದ ಅವನಿಗೆ ಸ್ವಲ್ಪ ಸಮಾಧಾನವೂ ಆಯಿತು, ಬಹಳ ಹೊಟ್ಟೆಕಿಚ್ಚೂ ಆಯಿತು.

ಮಾರೆಮ್ಮ ಅಷ್ಟರಲ್ಲಿ ಹೊರಗೆ ಹೋಗಿ ಜೋಗಮ್ಮನನ್ನು ಕೂಗಿ ಸುದ್ದಿ ಹೇಳಿಯಾಗಿತ್ತು. ಜೋಗಮ್ಮ ಎದುರು ಮನೆಗೆ ಹೇಳಿದಳು, ಎದುರು ಮನೆಯವರು ಮೂಲೆ ಮನೆಗೆ ಹೇಳಿದರು. ಗಂಡಸಾದರೆ ಹೀಗಿರಬೇಕು, ಜೀವದಂಥ ಕೌದಿಯನ್ನು ಬಾಯಿಬಿಡದೆ ಮೊಮ್ಮಗಳಿಗೆ ಕೊಟ್ಟ ಎಂದು ಬೀದಿಗೆ ಬೀದಿಯೇ ಬಾಗಿಲಲ್ಲಿ ಬಂದು ಅವನನ್ನು ನೋಡಿ ಹೋಯಿತು. ಪಾಲಣ್ಣ ಮತ್ತು ಚೌಡಕ್ಕ ಎಲ್ಲರಿಗಿಂತ ಗಟ್ಟಿಯಾಗಿ ಹೌದೌದು ಎಂದರು.

ಸುಂಕಪ್ಪ ಟವೆಲ್ಲನ್ನು ಹೆಗಲ ತುಂಬ ಎಳೆದುಕೊಂಡು ಎಲ್ಲರಿಗೂ ಕೈ ಮುಗಿದ. ಆ ಸಂಜೆ ಆ ಬೀದಿಯಲ್ಲಿ ಅವನಷ್ಟು ದೊಡ್ಡ ಮನಸ್ಸಿನವರು ಯಾರೂ ಇರಲಿಲ್ಲ, ಅವನಷ್ಟು ಚಳಿಯಲ್ಲಿ ನಡುಗುವವರೂ ಇರಲಿಲ್ಲ.